ಕಟಾವಿಗೆ ಮುಂಚೆ, ಕಟಾವಾದ ಮೇಲೆ

ಕೇಳುಗರಿಗೆ ನಮಸ್ಕಾರ.

"ಬುದ್ಧಿ ಇದ್ದಿದ್ರೆ ಅಷ್ಟು ಬಡ್ಡಿಗೆ ಸಾಲ ತರ್ತಿದ್ನಾ?" ಈ ಮಾತನ್ನು ನೀವು ಕೇಳಿರುತ್ತೀರಿ. ಆಡಿಯೂ ಇರಬಹುದು. ಬುದ್ಧಿ ಕಡಿಮೆ, ಅದಕ್ಕೇ ಕೈಯಲ್ಲಿ ದುಡ್ಡಿಲ್ಲ ಅನ್ನುವುದು ನಮ್ಮ ಸುಲಭದ ಲೆಕ್ಕ. ಈ ಲೆಕ್ಕವನ್ನು ತಿರುವಿಹಾಕಿ ನೋಡಿದ ಒಂದು ಅಧ್ಯಯನ ಇದೆ. ನಡೆದದ್ದು ಪಕ್ಕದ ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳಲ್ಲಿ. 54 ಹಳ್ಳಿ, 464 ಕಬ್ಬು ಬೆಳೆಗಾರರು. ಮಾಡಿದವರು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವ್. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು.

ಕಬ್ಬೇ ಯಾಕೆ ಅಂತೀರಾ? ಮಂಡ್ಯದವರಿಗೆ, ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಬೆಳೆ ನಿಂತಿರುತ್ತದೆ, ದುಡ್ಡು ಬರುವುದು ಒಂದು ಸಲ. ಕಟಾವಿಗೆ ಮುಂಚಿನ ತಿಂಗಳುಗಳಲ್ಲಿ ಕೈ ಬರಿದು, ಬಿಲ್ಲು ಬಂದ ಮೇಲೆ ನಿರಾಳ. ಅಂದರೆ ಒಬ್ಬನೇ ಮನುಷ್ಯ ಅದೇ ವರ್ಷದಲ್ಲಿ ಬಡವನೂ ಆಗಿರುತ್ತಾನೆ, ಉಳ್ಳವನೂ ಆಗಿರುತ್ತಾನೆ. ಇನ್ನೂ ಒಂದು ಅನುಕೂಲ ಇತ್ತು. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಟ್ಟಿಗೆ ನುರಿಸಲಾರದು. ಒಬ್ಬನದು ಈ ತಿಂಗಳು ಕಡಿದರೆ ಇನ್ನೊಬ್ಬನದು ಮೂರು ತಿಂಗಳು ಬಿಟ್ಟು. ಹಾಗಾಗಿ ಫಲಿತಾಂಶ ನೋಡಿ "ಅದು ಬಿಸಿಲಿನ ಪ್ರಭಾವ", "ಅದು ಹಬ್ಬದ ಸಮಯ" ಅಂತ ತಳ್ಳಿಹಾಕುವುದು ಕಷ್ಟ.

ಎರಡು ಕಾಲದ ವ್ಯತ್ಯಾಸ ಎಷ್ಟಿತ್ತು ನೋಡಿ. ಕಟಾವಿಗೆ ಮುಂಚೆ ನೂರಕ್ಕೆ 78 ಜನ ಏನಾದರೊಂದನ್ನು ಗಿರವಿ ಇಟ್ಟಿದ್ದರು. ಆಮೇಲೆ ಕೇಳಿದಾಗ ಬರೀ 4. ಮೊದಲು ಸಾಲ ಇದ್ದದ್ದು ನೂರಕ್ಕೆ 99 ಜನಕ್ಕೆ, ಆಮೇಲೆ 13 ಜನಕ್ಕೆ.

ಈ ರೈತರಿಗೆ ಎರಡು ಪರೀಕ್ಷೆ ಕೊಟ್ಟರು. ಒಂದರಲ್ಲಿ ಚಿತ್ರಗಳ ಒಂದು ಸಾಲು, ಅದರಲ್ಲಿ ಒಂದು ತುಂಡು ಇಲ್ಲ. ಯಾವುದು ಹೊಂದುತ್ತದೆ ಅಂತ ಗುರುತಿಸಬೇಕು. ಓದು ಬರಹ ಬೇಕಿಲ್ಲ. ಎರಡನೆಯದನ್ನು ನೀವೂ ಮಾಡಿ ನೋಡಬಹುದು. ಒಂದು ಚೀಟಿಯ ಮೇಲೆ ಐದು, ಐದು, ಐದು ಅಂತ ಅಂಕಿಯಲ್ಲಿ ಬರೆಯಿರಿ. ಈಗ ಅಲ್ಲಿ ಎಷ್ಟು ಅಂಕಿ ಇವೆ, ಥಟ್ಟನೆ ಹೇಳಿ. ಉತ್ತರ ಮೂರು. ಆದರೆ ನಾಲಿಗೆ ತುದಿಗೆ ಬರುವುದು ಐದು, ಅಲ್ವಾ? ಅದನ್ನು ತಡೆದು ಮೂರು ಅನ್ನಬೇಕು. ಇಂಥವು ಒಂದರ ಹಿಂದೆ ಒಂದು ಬರುತ್ತಾ ಹೋದರೆ ತಲೆ ಚುರುಕಾಗಿರಬೇಕು, ಗಮನ ಅಲ್ಲೇ ಇರಬೇಕು.

ಚಿತ್ರದ ಪರೀಕ್ಷೆಯಲ್ಲಿ ಕಟಾವಿಗೆ ಮುಂಚೆ ಸರಾಸರಿ 4.35 ಸರಿ ಉತ್ತರ, ಕಟಾವಾದ ಮೇಲೆ 5.45. ಅಂಕಿಯ ಪರೀಕ್ಷೆಗೆ ಮೊದಲು 146 ಸೆಕೆಂಡ್ ಹಿಡಿಯಿತು, ಆಮೇಲೆ 131. ತಪ್ಪುಗಳೂ ಕಡಿಮೆಯಾದವು. ಅದೇ ರೈತ, ಅದೇ ಊರು, ಅದೇ ತಲೆ.

ಎರಡನೇ ಸಲ ಬರೆಯುವಾಗ ಅಭ್ಯಾಸ ಆಗಿರುತ್ತದಲ್ಲ, ಅದಕ್ಕೇ ಚೆನ್ನಾಗಿ ಮಾಡಿರಬಹುದು ಅಂತ ನಿಮಗೆ ಅನ್ನಿಸಿದರೆ ಅನುಮಾನ ನ್ಯಾಯವಾದದ್ದೇ. ಅದಕ್ಕಾಗಿಯೇ 100 ರೈತರನ್ನು ಮೊದಲ ಸುತ್ತಿಗೆ ಕರೆಯದೆ, ಕಟಾವಾದ ಮೇಲಷ್ಟೇ ಪರೀಕ್ಷೆಗೆ ಕೂರಿಸಿದರು. ಮೊದಲ ಸಲ ಬರೆದರೂ ಅವರು, ಕಟಾವಿಗೆ ಮುಂಚೆ ಮೊದಲ ಸಲ ಬರೆದವರಿಗಿಂತ ಚೆನ್ನಾಗಿ ಮಾಡಿದರು.

ಹಾಗಾದರೆ ಮೊದಲು ಬುದ್ಧಿ ಎಲ್ಲಿ ಹೋಗಿತ್ತು? ಎಲ್ಲೂ ಹೋಗಿರಲಿಲ್ಲ, ಬೇರೆ ಕೆಲಸದಲ್ಲಿತ್ತು ಅನ್ನುತ್ತಾರೆ ಈ ಸಂಶೋಧಕರು. ಅಂಗಡಿಯ ಉದ್ದರಿ, ಮಗಳ ಫೀಸು, ಓಲೆ ಗಿರವಿ ಇಟ್ಟ ಕಡೆ ಬಡ್ಡಿ ಕಟ್ಟುವ ತಾರೀಕು. ಚಿತ್ರ ನೋಡುವಾಗಲೂ ಒಳಗೆ ಈ ಲೆಕ್ಕ ಓಡುತ್ತಲೇ ಇರುತ್ತದೆ. ಪರೀಕ್ಷೆಗೆ ಸಿಗುವುದು ಉಳಿದ ಗಮನ ಮಾತ್ರ.

ಇದನ್ನು ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳಬೇಕು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಕಡಿಮೆ ಆದಾಯದವರನ್ನು ಸಂಬಳಕ್ಕೆ ಮುಂಚೆ, ಸಂಬಳ ಬಂದ ಮೇಲೆ ಪರೀಕ್ಷಿಸಿತು. ಬುದ್ಧಿಯ ಚುರುಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಊಹೆ ಕೇಳುವುದಾದರೆ, ಇನ್ನು ಕೆಲವೇ ದಿನಕ್ಕೆ ಸಂಬಳ ಇದೆ ಅನ್ನುವ ಬಿಕ್ಕಟ್ಟೇ ಬೇರೆ, ವರ್ಷದ ದುಡ್ಡು ಇನ್ನೂ ಗದ್ದೆಯಲ್ಲಿ ನಿಂತಿದೆ ಅನ್ನುವುದೇ ಬೇರೆ. ಕೊರತೆ ಮತ್ತು ಮನಸ್ಸಿನ ಬಗೆಗಿನ ಬೇರೆ ಹಲವು ಪ್ರಯೋಗಗಳೂ ಮತ್ತೆ ಮಾಡಿ ನೋಡಿದಾಗ ನಿಲ್ಲಲಿಲ್ಲ. ಹಾಗಾಗಿ ಬಡತನದಿಂದ ಬುದ್ಧಿ ಇಷ್ಟು ಅಂಕ ಇಳಿಯುತ್ತದೆ ಅಂತ ಯಾರಾದರೂ ಲೆಕ್ಕ ಕೊಟ್ಟರೆ ಸುಮ್ನೆ ನಂಬಬೇಡಿ.

ಆದರೂ ಒಂದು ಕೆಲಸ ಇವತ್ತೇ ಆಗಬಹುದು. ವಿಮೆಯ ಅರ್ಜಿ, ಸಾಲದ ಕಾಗದ, ಯೋಜನೆಗೆ ಹೆಸರು ಬರೆಸುವುದು, ಇವುಗಳ ಕೊನೇ ದಿನವನ್ನು ಕೈ ಬರಿದಾದ ತಿಂಗಳಲ್ಲಿ ಇಡುವುದು ಯಾಕೆ? ಪಶ್ಚಿಮ ಕೀನ್ಯಾದಲ್ಲಿ ಮೆಕ್ಕೆಜೋಳದ ರೈತರಿಗೆ ಕೊಯ್ಲಾದ ಕೂಡಲೇ ಗೊಬ್ಬರ ಮಾರಿ, ಪುಕ್ಕಟೆ ಮನೆಗೆ ತಲುಪಿಸುವ ಏರ್ಪಾಡು ಮಾಡಿದರು. ಬೆಲೆ ಇಳಿಸಲಿಲ್ಲ. ಗೊಬ್ಬರ ಹಾಕುವವರು ಜಾಸ್ತಿಯಾದರು. ಅಲ್ಲಿನ ಸಂಶೋಧಕರು ಕೊಟ್ಟ ಕಾರಣ ಬೇರೆ: ಮುಂದೆ ಹಾಕೋಣ ಅನ್ನುವ ಮನುಷ್ಯನ ಸ್ವಭಾವ. ಕಾರಣ ಯಾವುದೇ ಇರಲಿ, ಕೆಲಸ ಮಾಡಿದ್ದು ಕೇಳಿದ ಹೊತ್ತು.

ಇನ್ನು ನಮ್ಮ ಕಬ್ಬಿಗೆ ಬಂದರೆ, ಕಾರ್ಖಾನೆ ಕಬ್ಬು ತೆಗೆದುಕೊಂಡ 14 ದಿನದೊಳಗೆ ಹಣ ಕೊಡಬೇಕು ಅನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಬಾಕಿಗಾಗಿ ರೈತರು ರಸ್ತೆಗಿಳಿಯುವುದನ್ನು ನಾವು ನೋಡುತ್ತಲೇ ಇದ್ದೇವೆ. ಕಬ್ಬು ಹೋಗಿದೆ, ಬಿಲ್ಲು ಬಂದಿಲ್ಲ ಅಂದರೆ ಆ ರೈತ ಈ ಅಧ್ಯಯನದ ಲೆಕ್ಕದಲ್ಲಿ ಇನ್ನೂ ಕಟಾವಿಗೆ ಮುಂಚೆಯೇ ಇದ್ದಾನೆ. ಮುಂದಿನ ಬೆಳೆಯ ತೀರ್ಮಾನವನ್ನೂ ಅವನು ಅದೇ ಹೊತ್ತಿನಲ್ಲಿ ಮಾಡಬೇಕು.

ನಮಸ್ಕಾರ.