ಬೀಗ ಉಚಿತ, ಕೀಲಿ ನಿಮ್ಮದು: ಕಂಪ್ಯೂಟರಿನ ಕಡತಗಳ ಎನ್‌ಕ್ರಿಪ್ಷನ್

(ಬೆಂಗಳೂರಿನ ಜಯನಗರದಲ್ಲಿ ಬಡಾವಣೆಯ ನಿವಾಸಿಗಳಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತ ಹುಡುಗರನ್ನು ನೀವೆಲ್ಲ ನೋಡಿದ್ದೀರಿ. ಬಹುಪಾಲು ಮಂದಿ ಪ್ರಾಮಾಣಿಕರು, ಕೆಲಸ ಬಲ್ಲವರು. ಆದರೆ ನಾವು ಅವರ ಕೈಗೆ ಕೊಡುವುದು ಕೆಟ್ಟುಹೋದ ಕೀಬೋರ್ಡೊಂದನ್ನೇ ಅಲ್ಲ. ಆಧಾರ್ ಪ್ರತಿ, ಮನೆಯ ಕ್ರಯಪತ್ರದ ಸ್ಕ್ಯಾನ್, ಆದಾಯ ತೆರಿಗೆಯ ಲೆಕ್ಕ, ಅಮ್ಮನ ವೈದ್ಯಕೀಯ ವರದಿ ಎಲ್ಲವನ್ನೂ ಒಟ್ಟಿಗೆ ಕೊಟ್ಟು, "ಸಂಜೆ ಬರುತ್ತೇನಪ್ಪ" ಎಂದು ಹೇಳಿ ಮೆಟ್ರೊ ಹತ್ತುತ್ತೇವೆ. ಸಾಲದೆಂಬಂತೆ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿರುತ್ತೇವೆ.

ಪಾಸ್‌ವರ್ಡ್ ಹೇಳದಿದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ವಿಂಡೋಸ್ ತೆರೆಯುವಾಗ ಕೇಳುವ ಪಾಸ್‌ವರ್ಡ್ ವಿಂಡೋಸನ್ನು ಕಾಯುತ್ತದೆಯೇ ಹೊರತು ಡಿಸ್ಕನ್ನಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ, ಒಳಗಿನ ಕಡತಗಳೆಲ್ಲ ಸಲೀಸಾಗಿ ತೆರೆದುಕೊಳ್ಳುತ್ತವೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಹಾಗೆಯೇ ಬಿಟ್ಟಂತಾಯಿತು.

ಎನ್‌ಕ್ರಿಪ್ಷನ್ ಮುಚ್ಚುವುದು ಈ ಹಿತ್ತಿಲ ಬಾಗಿಲನ್ನು. ಡಿಸ್ಕಿನ ಮೇಲೆ ಬರೆಯುವ ಪ್ರತಿಯೊಂದನ್ನೂ ಒಂದು ಕೀಲಿಯ ನೆರವಿನಿಂದ ಕಲಸಿ ಬರೆಯುತ್ತದೆ. ಕೀಲಿ ಇಲ್ಲದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳು ಮಾತ್ರ. ಹೀಗೆ ಕಲಸುವ ಇಂದಿನ ಮುಖ್ಯ ವಿಧಾನ ಎಇಎಸ್. ಬೆಲ್ಜಿಯಂನ ಯೋವನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಇದನ್ನು ಅಮೆರಿಕ ಸರ್ಕಾರ 2001ರಲ್ಲಿ ತನ್ನ ಮಾನಕವಾಗಿ ಒಪ್ಪಿಕೊಂಡಿತು. ಅದಕ್ಕೂ ಹಿಂದಿನ ಡಿಇಎಸ್ ವಿಧಾನದ ಕೀಲಿ 56 ಬಿಟ್‌ಗಳದ್ದು, ಅಂದರೆ 56 ಸೊನ್ನೆ-ಒಂದುಗಳ ಸಾಲು. 1998ರಲ್ಲಿ ಅದಕ್ಕೆಂದೇ ಕಟ್ಟಿದ ಯಂತ್ರವೊಂದು ಮೂರು ದಿನಗಳೊಳಗೆ ಆ ಕೀಲಿಯನ್ನು ಹುಡುಕಿ ತೆಗೆಯಿತು. ಈಗಿನ ಕೀಲಿ 256 ಬಿಟ್ ಆಗಬಹುದು. ಇದು ನಾಲ್ಕೈದು ಪಟ್ಟು ಗಟ್ಟಿ ಎಂದು ಲೆಕ್ಕ ಹಾಕಬೇಡಿ. ಒಂದೊಂದು ಬಿಟ್ ಹೆಚ್ಚಿದಂತೆ ಹುಡುಕುವ ಕೆಲಸ ಇಮ್ಮಡಿಯಾಗುತ್ತದೆ. ಹಾಗೆ ಇನ್ನೂರು ಸಲ ಇಮ್ಮಡಿಸಿ ನೋಡಿ, ಕ್ಯಾಲ್ಕುಲೇಟರ್ ಕೈಚೆಲ್ಲುತ್ತದೆ.

ಹಾಗಾಗಿ ಬೀಗ ಒಡೆಯುವ ಗೋಜಿಗೆ ಯಾರೂ ಹೋಗುವುದಿಲ್ಲ, ಕೀಲಿಯನ್ನೇ ಹುಡುಕುತ್ತಾರೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದೂ ಮುಖ್ಯವಾಗಿ ಕೀಲಿಯ ವಿಷಯವನ್ನೇ.

ಸಾಧನಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿಯ ಅನೇಕ ಯಂತ್ರಗಳಲ್ಲಿ ಅದರದೇ ಸರಳ ರೂಪ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿದೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್. ಇಡೀ ಡಿಸ್ಕ್ ಬೇಡ, ಕೆಲವು ಕಡತಗಳಿಗಷ್ಟೇ ರಕ್ಷಣೆ ಸಾಕು ಎನ್ನುವವರಿಗೆ ವೆರಾಕ್ರಿಪ್ಟ್ ಇದೆ. ಹೆಸರು ಹೇಳದ ಕೆಲವರು 2004ರಲ್ಲಿ ಹೊರತಂದ ಟ್ರೂಕ್ರಿಪ್ಟ್ ಎಂಬ ಇಂಥದೇ ತಂತ್ರಾಂಶ 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದರ ಮೂಲ ಕೋಡಿನಿಂದ 2013ರಲ್ಲೇ ಕವಲೊಡೆದಿದ್ದ ವೆರಾಕ್ರಿಪ್ಟ್ ಇಂದಿಗೂ ಉಚಿತವಾಗಿ ಸಿಗುತ್ತದೆ.

ಅದರಲ್ಲಿ ಮೊದಲು ಒಂದು ಕಂಟೇನರ್, ಅಂದರೆ ಕಡತಗಳನ್ನು ಇಡುವ ಬೀಗದ ಪೆಟ್ಟಿಗೆ ಮಾಡಿಕೊಳ್ಳಬೇಕು, ಐದು ಜಿಬಿ ಎಂದಿಟ್ಟುಕೊಳ್ಳಿ. ನಡುವೆ ಒಂದು ಕಡೆ, ಮೌಸನ್ನು ಮನಸ್ಸಿಗೆ ಬಂದಂತೆ ಅಲುಗಾಡಿಸಿ ಎಂದು ಅದು ಕೇಳುತ್ತದೆ. ಕೆಳಗಿನ ಕೆಂಪು ಪಟ್ಟಿ ನಿಧಾನವಾಗಿ ಹಸಿರಾಗುತ್ತದೆ. ಅದು ತಮಾಷೆಗಲ್ಲ. ಯಾರೂ ಊಹಿಸಲಾಗದ ಕೀಲಿ ಮಾಡಲು ನಿಮ್ಮ ಕೈಯ ಗೊತ್ತುಗುರಿಯಿಲ್ಲದ ಚಲನೆಯನ್ನು ಅದು ಬಳಸಿಕೊಳ್ಳುತ್ತದೆ. ಆಮೇಲೆ ಪಾಸ್‌ವರ್ಡ್ ಕೊಟ್ಟಾಗಲೆಲ್ಲ ತೆರೆಯಲು ತುಸು ತಡವಾಗುತ್ತದೆ. ಅದೂ ಬೇಕೆಂದೇ ಮಾಡಿದ್ದು. ಪಾಸ್‌ವರ್ಡನ್ನು ಲಕ್ಷಾಂತರ ಸುತ್ತು ಅರೆದ ಮೇಲೆಯೇ ಬಾಗಿಲು ತೆರೆಯುವುದರಿಂದ, ಊಹೆ ಮಾಡುತ್ತ ಕುಳಿತವನು ಪ್ರತಿ ಊಹೆಗೂ ಅಷ್ಟು ಹೊತ್ತು ಕಳೆಯಬೇಕು. ತೆರೆದ ಕಂಟೇನರ್ ಹೊಸದೊಂದು ಡ್ರೈವ್ ಆಗಿ ಕಾಣುತ್ತದೆ. ಮುಚ್ಚಿದರೆ ಮಾಯ.

ಆದರೆ ಎಚ್ಚರ. ಕ್ರಯಪತ್ರವನ್ನು ಕಂಟೇನರಿನೊಳಗೆ ನಕಲಿಸಿ ಹೊರಗಿನ ಪ್ರತಿಯನ್ನು ಅಳಿಸಿದಿರಿ ಎನ್ನಿ. ಅಳಿಸಿದ್ದು ಡಿಸ್ಕಿನಿಂದ ಆ ಕ್ಷಣವೇ ಹೋಗುವುದಿಲ್ಲ. ಚಿಪ್ಪುಗಳಿಂದಾದ ಹೊಸ ಬಗೆಯ ಡಿಸ್ಕುಗಳಾದ ಎಸ್‌ಎಸ್‌ಡಿಗಳಲ್ಲಂತೂ ಅದೇ ಜಾಗದ ಮೇಲೆ ಮತ್ತೆ ಬರೆದು ಒರೆಸಿಹಾಕಿದೆ ಎಂಬ ಭರವಸೆಯೂ ಇಲ್ಲ. ಆದ್ದರಿಂದ ನನ್ನ ಸಲಹೆ, ಲ್ಯಾಪ್‌ಟಾಪ್ ಕೊಂಡ ದಿನವೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ. ಇತ್ತೀಚಿನ ಪ್ರೊಸೆಸರುಗಳಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಏರ್ಪಾಡು ಇರುವುದರಿಂದ ಯಂತ್ರ ನಿಧಾನವಾಗುತ್ತದೆ ಎಂಬ ಹಳೆಯ ದೂರಿಗೆ ಈಗ ಹೆಚ್ಚು ಅರ್ಥವಿಲ್ಲ. ಇನ್ನೊಂದು ಮಾತು, ನೀವು ತೆರೆದು ಕೆಲಸ ಮಾಡುತ್ತಿರುವಾಗ ಒಳಗಿರುವ ವೈರಸ್ಸಿಗೂ ಎಲ್ಲವೂ ತೆರೆದೇ ಇರುತ್ತದೆ. ಕಡತಗಳನ್ನು ಒತ್ತೆ ಇಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ವಿರುದ್ಧ ಎನ್‌ಕ್ರಿಪ್ಷನ್ ನಿಮ್ಮ ಕೈ ಹಿಡಿಯುವುದಿಲ್ಲ. ಅದಕ್ಕೆ ಬ್ಯಾಕಪ್ ಒಂದೇ ದಾರಿ.

ಈಗ ಕೀಲಿ. ಪಾಸ್‌ವರ್ಡ್ ಎಂದರೆ ಮಗನ ಹೆಸರು, ಹುಟ್ಟಿದ ವರ್ಷ. ಇಲ್ಲವೇ ಎಲ್ಲರ ಬಾಯಲ್ಲೂ ಇರುವ ವಚನದ ಮೊದಲ ಸಾಲು. ಎರಡೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಪದಗಳನ್ನು ನೀವು ಆರಿಸಬೇಡಿ, ಮನಸ್ಸು ಪದೇ ಪದೇ ಅದೇ ಹಳೆಯ ಪದಗಳಿಗೆ ಹೋಗುತ್ತದೆ. ನಿಘಂಟಿನ ಪುಟವನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟಲ್ಲಿ ಸಿಕ್ಕಿದ್ದನ್ನು ತೆಗೆದುಕೊಳ್ಳಿ.

ಬಿಟ್‌ಲಾಕರಿಗೆ 48 ಅಂಕಿಗಳ ರಿಕವರಿ ಕೀ, ಅಂದರೆ ಆಪತ್ತಿನಲ್ಲಿ ಡಿಸ್ಕ್ ತೆರೆಯುವ ಬದಲಿ ಕೀಲಿ ಇರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ ನೀಲಿ ಪರದೆ ಬಂದು ಅದನ್ನೇ ಕೇಳುತ್ತದೆ. ಇಲ್ಲಿ ಅನೇಕರಿಗೆ ಗೊತ್ತಿರದ ಸಂಗತಿಯೊಂದಿದೆ. 2024ರಿಂದ ವಿಂಡೋಸ್ 11ರ ಹೊಸ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ, ಸಾಮಾನ್ಯವಾಗಿ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ. ಕೀಲಿ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಅಂಗಡಿಯವನು ಅವನದೇ ಯಾವುದೋ ಖಾತೆಯಿಂದ ಸೆಟಪ್ ಮಾಡಿಕೊಟ್ಟಿದ್ದರೆ ನಿಮ್ಮ ಕೀಲಿ ಅವನ ಹತ್ತಿರ. ಖಾತೆಗೆ ಹೋಗಿ ಆ 48 ಅಂಕಿಗಳನ್ನು ಮುದ್ರಿಸಿಕೊಂಡು ಮನೆಪತ್ರಗಳ ಜೊತೆ ಇಡಿ. ಲ್ಯಾಪ್‌ಟಾಪ್ ಚೀಲದಲ್ಲಂತೂ ಬೇಡ. ವೆರಾಕ್ರಿಪ್ಟ್‌ಗೆ ಇಂಥ ಕೀಲಿಯೂ ಇಲ್ಲ, ಮರೆತರೆ ಮರೆತಂತೆಯೇ. ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಯಜಮಾನರು ತೀರಿಕೊಂಡ ಮೇಲೆ ವಿಮೆ ಪಾಲಿಸಿಯ ಕಡತ ತೆರೆಯಲಾಗದೆ ಮನೆಯವರು ಪರದಾಡುವಂತಾದರೆ, ಅದನ್ನು ನಾನಂತೂ ಭದ್ರತೆ ಎನ್ನುವುದಿಲ್ಲ.

ವಕೀಲ ಮಿತ್ರರು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಸ್ವಂತ ಕಡತಗಳನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುವುದು ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಅಧಿಕೃತ ಸಂಸ್ಥೆ ಆದೇಶಿಸಿದರೆ ತೆರೆದುಕೊಡಲು ನೆರವಾಗಬೇಕು. ನಿರಾಕರಿಸಿದರೆ 7 ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಲ್ಯಾಪ್‌ಟಾಪ್ ತಂದವರು ಈಗ ಸೆಟ್ಟಿಂಗ್ಸ್ ತೆರೆಯಿರಿ. ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದೂ ಕೀಲಿ ಎಲ್ಲಿದೆ ಎಂದು ಗೊತ್ತಿಲ್ಲದವರು ಕೈ ಎತ್ತಿ, ಅವರಿಂದಲೇ ಪ್ರಶ್ನೋತ್ತರ ಆರಂಭಿಸೋಣ.