ಇಲಿ ಲೆಕ್ಕ, ಮನುಷ್ಯನ ಹೊಟ್ಟೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂ ಕಡೆ ಒಂದು ಸಣ್ಣ ಮೆಡಿಕಲ್ ಸ್ಟೋರ್ ಇಟ್ಕೊಂಡಿದೀನಿ, ಮಾತ್ರೆ ಎಣಿಸ್ತಾ ಎಣಿಸ್ತಾನೇ ತಲೆ ನೆರೀತು. ಹೋದ ತಿಂಗಳು ಒಂದು ಸಂಜೆ ಮಂಡ್ಯ ಕಡೆ ಹುಡುಗ, ಇಲ್ಲೇ ಪೀಜಿಲಿದ್ದು ಎಮ್ಮೆಸ್ಸಿ ಓದ್ತಾನೆ, ಜಿಮ್ಮಿಗೂ ಹೋಗ್ತಾನೆ, ಬಂದು "ಅಂಕಲ್, ಖಾಲಿ ಕ್ಯಾಪ್ಸೂಲ್ ಮಡಗಿದ್ದೀರಾ" ಅಂದ. ಯಾಕಪ್ಪಾ ಅಂದ್ರೆ ಬ್ಯಾಗಿಂದ ಜಿಪ್ ಕವರ್ ತೆಗೆದ, ಒಳಗೆ ಮೈದಾ ಥರ ಬಿಳಿ ಪುಡಿ, ಆನ್‌ಲೈನಲ್ಲಿ ತರಿಸಿದ್ದಂತೆ, ಲೇಬಲ್ಲಿನ ಮೂಲೇಲಿ ಕನ್ನಡಕ ಹಾಕ್ಕೊಂಡ್ರೂ ಕಾಣದಂಗೆ ಬರ್ದಿದ್ರು, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ. "ಸುಂಡಿಲಿಗೆ ಕೊಟ್ಟು ನೋಡವ್ರೆ ಅಂಕಲ್, ಮಸಲ್ ಸಕತ್ತಾಗಿ ಬಂದದೆ."

ಪ್ರಿಂಟೌಟ್ ಹಿಂದೆ ಪೆನ್ಸಿಲಲ್ಲಿ ಲೆಕ್ಕ ಹಾಕಿದ್ದ. ಸುಂಡಿಲಿಗೆ ಕಿಲೋಗೆ 10 ಮಿಲಿಗ್ರಾಂ, ನಾನು 70 ಕಿಲೋ, ಅಲ್ಲಿಗೆ 700.

ಗುಣಾಕಾರ ಸರಿಯಾಗೇ ಇದೆ, ತಪ್ಪಿರೋದು ಬೇರೆ ಕಡೆ. ಸಣ್ಣ ಪ್ರಾಣಿ ಔಷಧೀನ ಬೇಗ ಅರಗಿಸಿ ಹೊರಗೆ ಹಾಕುತ್ತೆ, ಅದಕ್ಕೇ ಸುಂಡಿಲಿ ಡೋಸನ್ನ ಮನುಷ್ಯನಿಗೆ ಹೊಂದಿಸುವಾಗ ಸುಮಾರು 12ರಿಂದ ಭಾಗಿಸ್ತಾರೆ, ಇವನಿಗೆ 60ರ ಒಳಗೇ ಬರುತ್ತೆ, ಮೊದಲ ಸಲ ಮನುಷ್ಯನಿಗೆ ಕೊಡೋದಾದ್ರೆ ಅದರಲ್ಲೂ ಹತ್ತನೇ ಒಂದು ಪಾಲು, ಅಂದ್ರೆ 6 ಮಿಲಿಗ್ರಾಂಗಿಂತ ಕಮ್ಮಿ. ಅದೂ ಪ್ರಾಣಿಗೆ ಯಾವ ಡೋಸಲ್ಲಿ ತೊಂದರೆ ಆಗ್ಲಿಲ್ಲ ಅಂತ ನೋಡ್ಕೊಂಡು ಅಲ್ಲಿಂದ ಶುರು ಮಾಡೋ ಲೆಕ್ಕ, ಇವನ ಪೇಪರಲ್ಲಿ ಆ ಸುದ್ದೀನೇ ಇಲ್ಲ.

ದಸರಾ ಆನೆ ನೋಡ್ಕೊಂಡು ಬೆಳೆದೋರು ನಾವು, ಆನೆ ಕಥೆ ಹೇಳ್ದೆ ಇರೋಕಾಗಲ್ಲ. 1962ರಲ್ಲಿ ಅಮೆರಿಕದ ಒಕ್ಲಹೋಮಾ ಝೂನಲ್ಲಿ ಟಸ್ಕೋ ಅನ್ನೋ ಆನೆಗೆ ತೂಕದ ಲೆಕ್ಕ ಹಾಕಿ 297 ಮಿಲಿಗ್ರಾಂ ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸೋ ಡ್ರಗ್ ಚುಚ್ಚಿದ್ರು. ಐದು ನಿಮಿಷಕ್ಕೆ ಕುಸಿದು ಬಿತ್ತು, ಎರಡು ಗಂಟೆ ಒಳಗೆ ಸತ್ತೇ ಹೋಯ್ತು. ಆಮೇಲೆ ಕೊಟ್ಟ ಬೇರೆ ಔಷಧಿದೂ ಪಾಲಿತ್ತು ಅಂತ ವಾದ ಇದೆ, ಇರ್ಲಿ.

ಪ್ರಾಣಿ ಪರೀಕ್ಷೆ ಎಲ್ಲ ಮುಗಿಸಿ ಕೊಟ್ರೂ ಎಡವಟ್ಟಾಗುತ್ತೆ. 2006ರ ಮಾರ್ಚಲ್ಲಿ ಲಂಡನ್ನಲ್ಲಿ ಆರು ಜನ ಆರೋಗ್ಯವಂತರಿಗೆ ಟಿಜಿಎನ್1412 ಅನ್ನೋ ಔಷಧಿ ಕೊಟ್ರು, ಕೋತಿಗಳು ತಡ್ಕೊಂಡಿದ್ದರಲ್ಲಿ 500ನೇ ಒಂದು ಪಾಲು ಅಷ್ಟೇ. ಒಂದೂವರೆ ಗಂಟೇಲಿ ಚಳಿ, ವಾಂತಿ, ಆಮೇಲೆ ಒಂದೊಂದೇ ಅಂಗ ಕೈಕೊಡ್ತು. ಆರೂ ಜನ ಉಳ್ಕೊಂಡ್ರು, ಯಾಕಂದ್ರೆ ಅದೇ ಆಸ್ಪತ್ರೇಲಿ ಐಸಿಯು ಇತ್ತು. ನಮ್ಮ ಹುಡುಗನ ಪೀಜಿಲಿ ರಾತ್ರಿ ಹತ್ತಾದ್ರೆ ಗೇಟಿಗೆ ಬೀಗ.

ಇಷ್ಟು ಹೇಳಿದ್ಮೇಲೆ ಮೆಲ್ಲಗೆ ಬಾಯಿ ಬಿಟ್ಟ, ಹತ್ತು ದಿನದಿಂದ ಸ್ಪೂನ್ ತುದೀಲಿ ನೀರಿಗೆ ಹಾಕ್ಕೊಂಡು ಕುಡೀತಾನೇ ಇದೀನಿ, ಏನೂ ಆಗಿಲ್ಲವಲ್ಲ ಅಂತ. ಈ "ಏನೂ ಆಗಿಲ್ಲ" ಅನ್ನೋ ಮಾತಿದೆಯಲ್ಲ, ನಂಗೆ ಭಯ ಆಗೋದೇ ಅದಕ್ಕೆ. 1993ರಲ್ಲಿ ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಫಿಯಾಲುರಿಡಿನ್ ಅನ್ನೋ ಮಾತ್ರೆ ಕೊಟ್ಟಿದ್ರು, ವಾರಗಟ್ಲೆ ಚೆನ್ನಾಗೇ ಇದ್ರು, ಮೂರನೇ ತಿಂಗಳ ಹೊತ್ತಿಗೆ ಲಿವರ್ ಕೆಡೋಕೆ ಶುರುವಾಯ್ತು, ಮಾತ್ರೆ ನಿಲ್ಲಿಸಿದ್ರೂ ನಿಲ್ಲಲಿಲ್ಲ. ಐದು ಜನ ತೀರ್ಕೊಂಡ್ರು, ಇಬ್ಬರು ಬೇರೆ ಲಿವರ್ ಹಾಕಿಸ್ಕೊಂಡು ಬದುಕಿದ್ರು. ಪ್ರಾಣಿಗಳಲ್ಲಿ ಇದು ಕಂಡೇ ಇರ್ಲಿಲ್ಲ.

ನಾನು ಬೈಲಿಲ್ಲ, ಬೈದ್ರೆ ಮುಂದಿನ ಸಲ ಹೇಳೋದೇ ಇಲ್ಲ ಈ ಹುಡುಗ್ರು. ಕ್ಯಾಪ್ಸೂಲ್ ಕೊಡ್ಲಿಲ್ಲ, ಪುಡಿ ಕವರ್ ಸಮೇತ ಡಾಕ್ಟ್ರ ಹತ್ರ ಹೋಗು, ಒಂದೂ ಮುಚ್ಚಿಡಬೇಡ ಅಂದೆ. ಹೋದ. ರಕ್ತ ಪರೀಕ್ಷೇಲಿ ಎಸ್‌ಜಿಪಿಟಿ, ಅಂದ್ರೆ ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಜಾಸ್ತಿಯಾಗೋ ಕಿಣ್ವ, ಏರಿತ್ತು. ಈಗ ತಮಾಷೆ ನೋಡಿ, ಭಾರ ಎತ್ತೋರಿಗೆ ಜಿಮ್ಮಿಂದಲೂ ಅದು ಏರುತ್ತೆ, ಪುಡಿಯಿಂದಲೂ ಏರಿರಬಹುದು, ಮುಂಚೆ ಒಂದು ಸಲ ಪರೀಕ್ಷೆ ಮಾಡಿಸಿದ್ರೆ ಹೋಲಿಸಿ ನೋಡಬಹುದಿತ್ತು, ಅದೂ ಇಲ್ಲ. ಡಾಕ್ಟ್ರು ಎರಡನ್ನೂ ನಿಲ್ಲಿಸಿ 15 ದಿನ ಬಿಟ್ಟು ಬಾ ಅಂದಿದಾರೆ.

ಬರೋ ಮಂಗಳವಾರ ಹೋಗಬೇಕು. ಪುಡಿ ಕವರ್ ನನ್ನ ಅಂಗಡಿ ಡ್ರಾಯರಲ್ಲೇ ಇದೆ, ಕೀ ನನ್ನ ಜೇಬಲ್ಲಿದೆ.