ಡಿವೈಜಸ್ ಸಂತೆಯ ಕಲ್ಲು ಮತ್ತು ಅವಸರದ ನಿಧಿಶೋಧ

ಇಂಗ್ಲೆಂಡಿನ ಹಳೆಯ ಸಂತೆ ಪಟ್ಟಣಗಳಲ್ಲಿ ನಿಧಿಶೋಧದ ನಡಿಗೆ ಎಂಬ ಒಂದು ಆಟವಿದೆ. ಒಂದು ಕಿರುಹೊತ್ತಿಗೆಯನ್ನೋ ಆ್ಯಪನ್ನೋ ಕೊಂಡು, ಅದರಲ್ಲಿರುವ ಸುಳಿವುಗಳನ್ನು ಹಿಡಿದು ಬೀದಿ ಬೀದಿ ಅಲೆಯಬೇಕು. ಬಾಗಿಲ ಮೇಲೆ ಕೆತ್ತಿದ ಇಸವಿ, ಚರ್ಚಿನ ಗೋಡೆಯ ಫಲಕ, ಹೋಟೆಲಿನ ಬೋರ್ಡಿನಲ್ಲಿರುವ ಪ್ರಾಣಿ, ಇವುಗಳಿಂದ ಉತ್ತರ ಹೆಕ್ಕಿ ಖಾಲಿ ಚೌಕಗಳನ್ನು ತುಂಬಬೇಕು. ಕೊನೆಗೆ ಸಿಗುವುದು ಚಿನ್ನದ ಕೊಪ್ಪರಿಗೆಯಲ್ಲ, ಒಂದು ಪದ ಅಥವಾ ಒಂದು ಅಂಕಿ. ಮಕ್ಕಳ ಕಾಲಿಗೂ ದೊಡ್ಡವರ ಕಣ್ಣಿಗೂ ಕೆಲಸ ಕೊಡುವ ಈ ಆಟದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಅದು ಕೇಳುವ ಪ್ರಶ್ನೆಗಳ ಬಗ್ಗೆ. ಕಲ್ಲಿನ ಮೇಲಿರುವ ಇಸವಿ ಯಾವುದು ಎಂದು ಕೇಳಿದರೆ ನೋಡುವವನ ಕಣ್ಣು ಇಸವಿಯನ್ನು ಕಚ್ಚಿಕೊಂಡು ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ಮುಂದಕ್ಕೆ ಓಡುತ್ತದೆ.

ವಿಲ್ಟ್‌ಶೈರ್ ಸೀಮೆಯ ಡಿವೈಜಸ್ ಪಟ್ಟಣವನ್ನೇ ತೆಗೆದುಕೊಳ್ಳಿ. ನಿಧಿ ಹುಡುಕುವ ಆಟಕ್ಕೆ ಇದಕ್ಕಿಂತ ಒಪ್ಪುವ ಊರು ಸಿಗುವುದು ಕಷ್ಟ, ಏಕೆಂದರೆ ಈ ಸೀಮೆಯ ಜನರ ಅಡ್ಡಹೆಸರೇ ಬಚ್ಚಿಟ್ಟ ಸರಕಿನ ಕಥೆಯಿಂದ ಬಂದದ್ದು. ಸುಂಕ ತಪ್ಪಿಸಿ ತಂದ ಬ್ರಾಂದಿಯ ಪೀಪಾಯಿಗಳನ್ನು ಹಳ್ಳಿಗರು ಕೆರೆಯಲ್ಲಿ ಮುಳುಗಿಸಿ, ಬೆಳದಿಂಗಳ ರಾತ್ರಿ ಹಲ್ಲುಕೋಲುಗಳಿಂದ ಎಳೆದುಕೊಳ್ಳುತ್ತಿದ್ದಾಗ ಸುಂಕದ ಅಧಿಕಾರಿಗಳು ಬಂದರಂತೆ. ನೀರಿನಲ್ಲಿ ಬಿದ್ದಿದ್ದ ಚಂದ್ರನ ಬಿಂಬವನ್ನು ತೋರಿಸಿ, ಅಗೋ ಆ ಗಿಣ್ಣಿನ (ಚೀಸ್) ಗಟ್ಟಿಯನ್ನು ಎಳೆಯುತ್ತಿದ್ದೇವೆ ಎಂದರಂತೆ ಇವರು. ಎಂಥ ದಡ್ಡರಪ್ಪಾ ಎಂದು ನಕ್ಕು ಅಧಿಕಾರಿಗಳು ಹೊರಟುಹೋದರು. ಅಂದಿನಿಂದ ವಿಲ್ಟ್‌ಶೈರಿನವರಿಗೆ ಮೂನ್‌ರೇಕರ್, ಎಂದರೆ ಚಂದ್ರನನ್ನು ಹಲ್ಲುಕೋಲಿನಿಂದ ಎಳೆಯುವವರು, ಎಂಬ ಹೆಸರು ನಿಂತಿತು. ಆ ಕೆರೆ ನಮ್ಮದೇ ಎನ್ನುವ ಊರುಗಳು ಹಲವಾರು ಇವೆ, ಡಿವೈಜಸ್ ತನ್ನ ಕ್ರ್ಯಾಮರ್ ಕೆರೆಯನ್ನು ತೋರಿಸುತ್ತದೆ. ಕಥೆ ನಿಜವೋ ಸುಳ್ಳೋ, ನೋಡುವವನ ಅವಸರವನ್ನೇ ಬಂಡವಾಳ ಮಾಡಿಕೊಂಡು ಗುಟ್ಟು ಉಳಿಸಿಕೊಳ್ಳುವುದು ಈ ಊರಿಗೆ ಗೊತ್ತಿದೆ.

ಈ ಊರಿನ ದೊಡ್ಡ ಗುಟ್ಟು ಬಚ್ಚಿಟ್ಟುಕೊಂಡಿರುವುದು ಪೇಟೆಯ ನಡುಮಧ್ಯದಲ್ಲಿ, ಎಲ್ಲರ ಕಣ್ಣೆದುರಿಗೆ. ಅಲ್ಲಿ ಮಾರ್ಕೆಟ್ ಕ್ರಾಸ್ ಎಂದು ಕರೆಯುವ, ಗೋಪುರದಂತೆ ಮೇಲೆದ್ದ ಕಲ್ಲಿನ ಸ್ಮಾರಕವೊಂದಿದೆ. 1814ರಲ್ಲಿ ಅದನ್ನು ಕಟ್ಟಿಸಿಕೊಟ್ಟವನು ವೈಕೌಂಟ್ ಸಿಡ್ಮತ್, ಎಂದರೆ 1801ರಿಂದ 1804ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆನ್ರಿ ಅಡಿಂಗ್ಟನ್. ಈ ಊರಿನಿಂದ ಆರು ಸಲ ಅವಿರೋಧವಾಗಿ ಸಂಸತ್ತಿಗೆ ಆಯ್ಕೆಯಾದದ್ದನ್ನು ಅವನು ಕಲ್ಲಿನ ಒಂದು ಮುಖದಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ. ಆಗ ಇಲ್ಲಿ ಮತದ ಹಕ್ಕು ಇದ್ದದ್ದು ಪುರಸಭೆಯ ಸದಸ್ಯರಿಗೆ ಮಾತ್ರ ಎಂಬುದನ್ನು ಕಲ್ಲು ಹೇಳುವುದಿಲ್ಲ, ಹೇಳಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ.

ಇನ್ನೊಂದು ಮುಖಕ್ಕೆ ಬನ್ನಿ. ಈ ಕಟ್ಟಡ ಗಟ್ಟಿಯಾಗಿರುವುದರಿಂದ ಒಂದು ಭಯಂಕರ ಘಟನೆಯ ದಾಖಲೆಯನ್ನು ಮುಂದಿನ ಕಾಲಕ್ಕೆ ದಾಟಿಸಲು ಇದನ್ನು ಬಳಸಿಕೊಳ್ಳುತ್ತಿದ್ದೇವೆ ಎಂದು ಅದೇ ಪುರಸಭೆ ಅಲ್ಲಿ ಬರೆಸಿದೆ. 1753ರ ಜನವರಿ 25, ಗುರುವಾರ. ಪಕ್ಕದ ಪಾಟರ್ನ್ ಹಳ್ಳಿಯ ರೂತ್ ಪಿಯರ್ಸ್ ಎಂಬಾಕೆ ಇನ್ನು ಮೂವರು ಹೆಂಗಸರ ಜೊತೆ ಸೇರಿ ಸಂತೆಯಲ್ಲಿ ಒಂದು ಮೂಟೆ ಗೋಧಿ ಕೊಳ್ಳಲು, ತಂತಮ್ಮ ಪಾಲಿನ ದುಡ್ಡು ಹಾಕಲು ಮಾತಾಡಿಕೊಂಡಳು. ಒಟ್ಟುಗೂಡಿಸಿದಾಗ ಹಣ ಕಡಿಮೆ ಬಿತ್ತು. ಕೊರತೆಯನ್ನು ನೀನು ತುಂಬು ಎಂದು ರೂತ್‌ಳನ್ನು ಕೇಳಿದರು. ನನ್ನ ಪಾಲು ಕೊಟ್ಟಾಗಿದೆ, ಕೊಟ್ಟಿಲ್ಲದಿದ್ದರೆ ಇಲ್ಲೇ ಬಿದ್ದು ಸಾಯಲಿ ಎಂದು ಅವಳು ಆಣೆಯಿಟ್ಟಳು. ಮತ್ತೊಮ್ಮೆ ಅದನ್ನೇ ಹೇಳಿದಳು. ಸುತ್ತಲಿದ್ದ ಜನ ನಡುಗುವಂತೆ ಅಲ್ಲಿಯೇ ಬಿದ್ದು ಪ್ರಾಣ ಬಿಟ್ಟಳು. ಹಣ ಅವಳ ಕೈಯಲ್ಲೇ ಬಚ್ಚಿಟ್ಟುಕೊಂಡಿತ್ತು.

ಸುಳಿವಿನ ಹೊತ್ತಿಗೆಗೆ ಇಲ್ಲಿ 1753 ಸಿಕ್ಕರೆ ಸಾಕು, ಚೌಕ ತುಂಬುತ್ತದೆ. ಆದರೆ ಆ ಮೂಟೆಯನ್ನು ಕೊಂಚ ತೂಗಿ ನೋಡಿ. ಇಂಗ್ಲೆಂಡಿನಲ್ಲಿ ಗೋಧಿಯ ಮೂಟೆಗೆ ಸಾಮಾನ್ಯವಾಗಿ ನಾಲ್ಕು ಬುಷೆಲ್ ಲೆಕ್ಕ. ಬುಷೆಲ್ ಒಂದಕ್ಕೆ ಸುಮಾರು 27 ಕಿಲೋ. ತಲೆಗೊಂದು ಬುಷೆಲ್ ಎಂದು ಹಂಚಿಕೊಂಡು ಮನೆಗೆ ಒಯ್ಯುವ ಹೆಂಗಸರು ಅವರು, ಇಡೀ ಮೂಟೆಗೆ ಒಬ್ಬೊಬ್ಬರೇ ಬೆಲೆ ತೆರುವವರಲ್ಲ ಎಂದು ನನಗೆ ತೋರುತ್ತದೆ. ಅವಳು ಸುಳ್ಳು ಹೇಳಿದಳೆಂದೇ ಒಪ್ಪೋಣ. ಚಳಿಗಾಲದ ಸಂತೆಯಲ್ಲಿ ಒಂದು ಮುಷ್ಟಿ ಚಿಲ್ಲರೆಗಾಗಿ ಸುಳ್ಳು ಹೇಳಿದವಳ ಹೆಸರು, ಊರು, ದಿನ, ವಾರ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿದ ಪುರಸಭೆಗೆ, ಅದೇ ಕಲ್ಲನ್ನು ಕೊಟ್ಟ ದೊಡ್ಡ ಮನುಷ್ಯನ ಲೆಕ್ಕ ಕೇಳಬೇಕೆನ್ನಿಸಲಿಲ್ಲ. 1815ರಲ್ಲಿ ಸ್ವದೇಶಿ ಗೋಧಿಯ ಬೆಲೆ ಕ್ವಾರ್ಟರಿಗೆ, ಎಂದರೆ ಎಂಟು ಬುಷೆಲ್‌ಗೆ, 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರದೇಶದ ಗೋಧಿ ಮಾರಾಟಕ್ಕೆ ಬರಕೂಡದೆಂದು ಕಾನೂನು ತಂದ ಸರ್ಕಾರದಲ್ಲಿ ಸಿಡ್ಮತ್ ಗೃಹಮಂತ್ರಿಯಾಗಿದ್ದ. ಜಮೀನ್ದಾರರಿಗೆ ಲಾಭವಾದ ಆ ಕಾನೂನು ಬಡವರ ರೊಟ್ಟಿಯನ್ನು ತುಟ್ಟಿ ಮಾಡಿತು, 1846ರವರೆಗೆ ಅದರ ರದ್ದತಿಗೆ ಕಾಯಬೇಕಾಯಿತು. ಒಂದೇ ಕಲ್ಲು, ಎರಡು ಮುಖ. ಎರಡರ ಹಿಂದೆಯೂ ಇರುವುದು ಗೋಧಿ. ಅಲ್ಲೇ ಹತ್ತಿರದಲ್ಲಿ 1857ರ ಧಾನ್ಯ ವ್ಯಾಪಾರದ ಭವನದ ನೆತ್ತಿಯ ಮೇಲೆ ಧಾನ್ಯದೇವತೆ ಸೀರೀಸ್ ನಿಂತಿದ್ದಾಳೆ. ಆಟ ಆಡುವವರಿಗೆ ಅವಳು ತಪ್ಪದೆ ಕಾಣುತ್ತಾಳೆ ಅನ್ನಿ, ಎತ್ತರದಲ್ಲಿ ಇರುವುದೆಲ್ಲ ಸುಳಿವಿಗೆ ಅನುಕೂಲ.

ಮಕ್ಕಳ ಆಟದಲ್ಲಿ ಇಷ್ಟೆಲ್ಲ ಹೇರುವುದು ಅತಿಯಾಯಿತು ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಹೇರಬೇಕಾಗಿಲ್ಲ, ಪ್ರಶ್ನೆಯನ್ನು ಒಂದಿಷ್ಟು ಓರೆ ಮಾಡಿದರೆ ಸಾಕು. ಈ ಕಲ್ಲಿಗೆ ಸುಳಿವು ಬರೆಯುವ ಕೆಲಸ ನನ್ನದಾಗಿದ್ದರೆ ಇಸವಿಯನ್ನು ಮುಟ್ಟುತ್ತಲೇ ಇರಲಿಲ್ಲ. ಗೋಧಿ ಕೊಳ್ಳಲು ಮಾತಾಡಿಕೊಂಡ ಹೆಂಗಸರು ಎಷ್ಟು ಮಂದಿ ಎಂದು ಕೇಳುತ್ತಿದ್ದೆ. ಅವಸರದಲ್ಲಿ ಓದಿದವರ ಕಣ್ಣಿಗೆ ಮೂವರು ಎಂಬ ಮಾತು ಬಿದ್ದು, ಅವರು ಚೌಕದಲ್ಲಿ ಮೂರು ಎಂದು ಬರೆಯುತ್ತಾರೆ. ಮುಂದಿನ ಬೀದಿಯಲ್ಲಿ ಲೆಕ್ಕ ಕೂಡಿಬರದೆ ಮರಳಿ ಬಂದು, ಇನ್ನು ಮೂವರು ಎಂದಿರುವುದನ್ನು ಕಂಡು, ರೂತ್ ಪಿಯರ್ಸಳನ್ನೂ ಸೇರಿಸಿ ಎಣಿಸುತ್ತಾರೆ.